ಮೆಟ್ಟಿಲ ಕೆಳಗಿನ ಪೆಟ್ಟಿಗೆ

ಮುಂಬೈಯ ವಿಲೆ ಪಾರ್ಲೆ ಪೂರ್ವದ ಹಳೆಯ ಕಟ್ಟಡಗಳಲ್ಲಿ, ಮೆಟ್ಟಿಲ ಕೆಳಗಿನ ಕರೆಂಟ್ ಮೀಟರುಗಳ ಪಕ್ಕದಲ್ಲಿ, ಈಗ ಇನ್ನೊಂದು ಪುಟ್ಟ ಪೆಟ್ಟಿಗೆ ಕಾಣಿಸುತ್ತದೆ. ಬೀದಿಯಿಂದ ಬಂದ ಒಂದು ಫೈಬರ್ ಎಳೆ ಅದರೊಳಗೆ ಹಲವಾಗಿ ಕವಲೊಡೆದು ಮನೆಮನೆಗೆ ಏರುತ್ತದೆ. ಬ್ರಾಡ್‌ಬ್ಯಾಂಡ್ ಜಾಹೀರಾತಿನಲ್ಲಿ ಈ ಪೆಟ್ಟಿಗೆಗೆ ಜಾಗವಿಲ್ಲ. ಅಲ್ಲಿರುವುದು 100, 200, 300 ಎಂಬಿಪಿಎಸ್ ಎಂಬ ದಪ್ಪ ಅಂಕೆಗಳು. ಆ ಅಂಕೆಗಳನ್ನು ನೋಡಿಯೇ ನಾವು ಪ್ಲಾನ್ ಆರಿಸುತ್ತೇವೆ. ಆದರೆ ಸೇವೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ತೀರ್ಮಾನವಾಗುವುದು ಮೆಟ್ಟಿಲ ಕೆಳಗೆ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. 1995ರ ಆಗಸ್ಟ್ 15ರಂದು ಸರಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ ಫೋನ್ ತಂತಿಯಲ್ಲಿ ಹರಿಯುತ್ತಿದ್ದುದು 9.6 ಕೆಬಿಪಿಎಸ್. ಸರಕಾರದ 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. ಆ ಗಡಿ 2 ಎಂಬಿಪಿಎಸ್‌ಗೆ ಏರಿದ್ದು 2023ರಲ್ಲಿ. ಸರಕಾರದ ವ್ಯಾಖ್ಯೆ ಹೀಗೆ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದಾಗ ಮುಂಬೈಯ ಗಲ್ಲಿಗಳು ಕಾಯಲಿಲ್ಲ. ಸರಕಾರಿ ಫೋನ್ ಕಂಪನಿ ಎಂಟಿಎನ್‌ಎಲ್‌ನ ತಂತಿಯ ಪಕ್ಕದಲ್ಲೇ ಹ್ಯಾಥ್‌ವೇ, ಯೂ ಬ್ರಾಡ್‌ಬ್ಯಾಂಡ್‌ನಂಥ ಕಂಪನಿಗಳು ಬಂದವು. ಟೆರೇಸಿನಿಂದ ಟೆರೇಸಿಗೆ ಟಿವಿ ಕೇಬಲ್ ಎಳೆದಿದ್ದ ಹುಡುಗರೇ ನೆಟ್ಟನ್ನೂ ಎಳೆದರು. ಮುಂದೆ ಯೂ ಬ್ರಾಡ್‌ಬ್ಯಾಂಡ್ ವೊಡಾಫೋನ್ ಪಾಲಾಯಿತು. 2018ರಲ್ಲಿ ರಿಲಯನ್ಸ್ ಸಮೂಹ ಹ್ಯಾಥ್‌ವೇಯ ಅರ್ಧಕ್ಕಿಂತ ಹೆಚ್ಚು ಪಾಲು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. 2020ರ ಸೆಪ್ಟೆಂಬರಿನಲ್ಲಿ ಜಿಯೋ ಫೈಬರ್ 399 ರೂಪಾಯಿಗೆ 30 ಎಂಬಿಪಿಎಸ್ ಕೊಟ್ಟಾಗ ಮಧ್ಯಮ ವರ್ಗದ ಮನೆಗಳಿಗೆ ಫೈಬರ್ ನಿಜಕ್ಕೂ ಕೈಗೆಟುಕಿತು. ಕೋವಿಡ್ ಕಾಲದಲ್ಲಿ ಒಂದೇ ಕೋಣೆಯಲ್ಲಿ ಮಕ್ಕಳ ತರಗತಿ, ದೊಡ್ಡವರ ಆಫೀಸು ಎರಡೂ ನಡೆದದ್ದು ಈ ಎಳೆಯ ದಯೆಯಿಂದ. ಅದನ್ನು ಮರೆತರೆ ಕೃತಘ್ನತೆಯಾದೀತು.

ಇನ್ನು ಪ್ಲಾನಿನ ಲೆಕ್ಕ. 399 ಎಂಬುದಕ್ಕೆ ಶೇ. 18ರ ಜಿಎಸ್‌ಟಿ ಕೂಡಿದರೆ ಬಿಲ್ಲು ಸುಮಾರು 471 ರೂಪಾಯಿ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಫೈಲು ಇಳಿಯುವ ಲೆಕ್ಕದಲ್ಲಿ ಅದು 12.5 ಮೆಗಾಬೈಟ್. ‘ಅನ್‌ಲಿಮಿಟೆಡ್’ ಎಂಬ ಪದದ ಕೆಳಗೆ ಸಣ್ಣ ಅಕ್ಷರದಲ್ಲಿ ತಿಂಗಳಿಗೆ ಇಷ್ಟು ಎಂಬ ಮಿತಿಯಿರುತ್ತದೆ. ಜಿಯೋ ಇಟ್ಟದ್ದು 3,300 ಜಿಬಿ. ಸಾಮಾನ್ಯ ಮನೆಗೆ ಅದು ಧಾರಾಳವಾಯಿತು. ಆದರೆ ಮಿತಿ ಇರುವುದನ್ನು ಮಿತಿಯಿಲ್ಲದ್ದು ಎಂದು ಕರೆಯುವುದು ಸರಿಯಲ್ಲ. ಗ್ರಾಹಕನ ನಂಬಿಕೆ ಸವೆಯುವುದು ಇಂಥ ಸಣ್ಣ ಸುಳ್ಳುಗಳಿಂದಲೇ.

ಮನೆಗೆ ಬೇಕಾದದ್ದಾದರೂ ಎಷ್ಟು? ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ ಸಾಕು, 4ಕೆ ಚಿತ್ರಕ್ಕೆ 15ರಿಂದ 25. ಅಜ್ಜಿ ಹಾಲ್‌ನಲ್ಲಿ ಕರಾವಳಿಯ ಯಕ್ಷಗಾನದ ನೇರಪ್ರಸಾರ ನೋಡುತ್ತ, ಮೊಮ್ಮಗ ಒಳಗೆ ಕ್ರಿಕೆಟ್ ನೋಡುತ್ತ, ಮಗಳು ಮೀಟಿಂಗಿನಲ್ಲಿ ಕೂತರೂ 50 ಎಂಬಿಪಿಎಸ್ ತುಳುಕುವುದಿಲ್ಲ. 300ರ ಪ್ಲಾನ್ ಕೊಂಡು, ಹಳೆಯ ರೌಟರನ್ನು ಬಾಗಿಲ ಹಿಂದೆ ತೂಗುಹಾಕಿ, ಕಾಂಕ್ರೀಟ್ ಗೋಡೆಯಾಚೆಯ ಮಲಗುವ ಕೋಣೆಯಲ್ಲಿ ಸಿಗ್ನಲ್ ಹುಡುಕುವವರೇ ನಮ್ಮಲ್ಲಿ ಹೆಚ್ಚು. ಅವರಿಗೆ ದೊಡ್ಡ ಪ್ಲಾನ್ ಮಾರುವ ಬದಲು ರೌಟರನ್ನು ಮನೆಯ ನಡುವಿಗೆ ತನ್ನಿ ಎಂದು ಹೇಳುವ ಕಂಪನಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ ಮರಳೋಣ. ಜಿಪಾನ್ ಎಂಬ ಸಾಮಾನ್ಯ ವ್ಯವಸ್ಥೆಯಲ್ಲಿ ಒಂದು ಎಳೆ ಹೊತ್ತು ತರುವುದು ಸುಮಾರು 2.5 ಗಿಗಾಬಿಟ್, ಮೇಲಕ್ಕೆ ಒಯ್ಯುವುದು ಅದರ ಅರ್ಧ. ಅದನ್ನು 32 ಮನೆಗಳಿಗೆ ಹಂಚಿ, ಎಲ್ಲರೂ ಒಮ್ಮೆಗೇ ಎಳೆದರೆ ತಲಾ 78 ಎಂಬಿಪಿಎಸ್ ದಕ್ಕುತ್ತದೆ. 64 ಮನೆಗಳಾದರೆ 39. ಎಲ್ಲರೂ ಒಂದೇ ಹೊತ್ತಿಗೆ ಎಳೆಯುವುದಿಲ್ಲವಾದ್ದರಿಂದ ಈ ಹಂಚಿಕೆ ಮೋಸವಲ್ಲ. ಮೋಸ ಶುರುವಾಗುವುದು ಏರಿಯಾಕ್ಕೆ ಬೇಕಾದಷ್ಟು ಬ್ಯಾಂಡ್‌ವಿಡ್ತ್ ಕೊಳ್ಳದೆ ಗಿರಾಕಿಗಳನ್ನು ಮಾತ್ರ ಸೇರಿಸುತ್ತ ಹೋದಾಗ. ರಾತ್ರಿ ಒಂಬತ್ತರ ವೇಗ ಅದನ್ನು ಬಯಲು ಮಾಡುತ್ತದೆ. ಇನ್ನು ಕೆಲವೆಡೆ ಫೈಬರ್ ಟೆರೇಸಿನ ಪೆಟ್ಟಿಗೆಗೇ ನಿಂತು, ಅಲ್ಲಿಂದ ಮನೆಗೆ ತಾಮ್ರದ ತಂತಿ ಇಳಿಯುತ್ತದೆ. ಬಿಲ್ಲಿನಲ್ಲಿ ಮಾತ್ರ ‘ಫೈಬರ್’ ಎಂದೇ ಇರುತ್ತದೆ. ಮನೆಯೊಳಕ್ಕೆ ಬಂದದ್ದು ಗಾಜಿನ ಎಳೆಯೋ ತಾಮ್ರವೋ ಎಂದು ಕೇಳುವ ಹಕ್ಕು ಹಣ ಕೊಡುವವನಿಗಿದೆ.

ಒಂದು ಮಳೆಗಾಲದಲ್ಲಿ ನಮ್ಮ ಮನೆಯೊಳಗಿನ ಮೋಡೆಮ್‌ನಲ್ಲಿ ಕೆಂಪು ದೀಪ ಹತ್ತಿ ನಾಲ್ಕು ದಿನ ಆರಲಿಲ್ಲ. ಫೋನ್ ಮಾಡಿದಾಗಲೆಲ್ಲ ದೂರು ದಾಖಲಾಗಿದೆ ಎಂಬ ಒಂದೇ ಉತ್ತರ. ಐದನೆಯ ದಿನ ಬಂದ ಹುಡುಗ ಮೀಟರ್ ಹಿಡಿದು ನೋಡಿದ. ಪಕ್ಕದ ಮನೆಗೆ ಹೊಸ ಕನೆಕ್ಷನ್ ಕೊಡುವಾಗ ಯಾರೋ ನಮ್ಮ ಎಳೆಯನ್ನು ಮೊಳೆಯ ಸುತ್ತ ಬಿಗಿಯಾಗಿ ಮಡಚಿದ್ದರು. ಬೆಳಕು ಆ ಮಡಿಕೆಯಲ್ಲೇ ಸೋರಿಹೋಗುತ್ತಿತ್ತು. ಬಿಡಿಸಿದ್ದು ಹತ್ತು ನಿಮಿಷದ ಕೆಲಸ. ಯೂರೋಪಿನಿಂದ ಸಮುದ್ರದಡಿ ಬರುವ ಕೇಬಲ್‌ಗಳು ದಡ ಸೇರುವ ವರ್ಸೋವಾ ನಮಗೆ ಕೆಲವೇ ಕಿಲೋಮೀಟರು. ಅಷ್ಟು ಕಡಲು ದಾಟಿ ಬಂದ ಬೆಳಕು ನಮ್ಮ ಮೆಟ್ಟಿಲಲ್ಲಿ ಒಂದು ಮೊಳೆಗೆ ಸೋತಿತ್ತು.

ಇಂಥ ಲೋಪಗಳಿಗೆ ನಿಯಮವಿಲ್ಲವೆಂದಲ್ಲ. ಕೊಟ್ಟ ಮಾತಿನ ವೇಗದಲ್ಲಿ ಕನಿಷ್ಠ ಶೇ. 80 ಸಿಗಬೇಕು, ಬಹುಪಾಲು ದೋಷಗಳು ಮರು ಕೆಲಸದ ದಿನದೊಳಗೆ ಸರಿಯಾಗಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2006ರಲ್ಲೇ ಗುಣಮಟ್ಟದ ನಿಯಮ ಹೇಳಿತ್ತು. 2024ರ ಅಕ್ಟೋಬರಿನಿಂದ ಹೊಸ ನಿಯಮಾವಳಿ ಬಂದಿದೆ. ಆದರೆ ಗ್ರಾಹಕನ ನಿಜವಾದ ಬಲ ಬೇರೆ ಕಂಪನಿಗೆ ಹೋಗುವ ಸ್ವಾತಂತ್ರ್ಯ. ಪಾರ್ಲೆಯಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಹೊಸ ಕಟ್ಟಡದಲ್ಲಿ ಬಿಲ್ಡರೋ ಸೊಸೈಟಿಯೋ ಒಂದೇ ಕಂಪನಿಗೆ ಒಳದಾರಿ ಬಿಟ್ಟುಕೊಟ್ಟರೆ ಆ ಸ್ವಾತಂತ್ರ್ಯ ಮುಗಿದಂತೆ. ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ರೇಟಿಂಗ್ ಕೊಡುವ ನಿಯಮವನ್ನು ಟ್ರಾಯ್ 2024ರಲ್ಲಿ ಹೊರಡಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಲಿಫ್ಟು, ಪಾರ್ಕಿಂಗು ಕೇಳುವ ಸೊಸೈಟಿ ಸಭೆಗಳು ಎಲ್ಲ ಕಂಪನಿಗಳಿಗೂ ತೆರೆದ ಕೇಬಲ್ ದಾರಿಯನ್ನೂ ನಕಾಶೆಯಲ್ಲೇ ಕೇಳಬೇಕು.

ಹಾಗಾದರೆ ತೀರ್ಪು? ಬೆಲೆಗೆ ಪೂರ್ಣ ಅಂಕ, ವೇಗಕ್ಕೆ ಒಳ್ಳೆಯ ಅಂಕ, ಪ್ರಾಮಾಣಿಕ ಮಾತಿಗೆ ಅರ್ಧ, ರಿಪೇರಿಗೆ ಇನ್ನೂ ಕಡಿಮೆ. ಊರಿನ ಸಣ್ಣ ಕಂಪನಿ ದೊಡ್ಡದನ್ನು ಮೀರಬಹುದಾದ ಜಾಗವೂ ಈ ಕೊನೆಯದೇ. ಅದರ ಹುಡುಗ ಇದೇ ಗಲ್ಲಿಯವನು. ಯಾವ ಟೆರೇಸಿನ ಬೀಗದ ಕೈ ಯಾರ ಬಳಿ ಎಂದು ಬಲ್ಲವನು. ಹೊಸ ಪ್ಲಾನ್ ಕೊಳ್ಳುವ ಮುನ್ನ ಮೆಟ್ಟಿಲ ಕೆಳಗಿನ ಪೆಟ್ಟಿಗೆಯನ್ನೊಮ್ಮೆ ತೆರೆದು ತೋರಿಸಲು ಹೇಳಿ. ಎಳೆಗಳು ಸಡಿಲವಾಗಿ ಸುತ್ತಿಕೊಂಡು, ಒಂದೊಂದರ ಮೇಲೂ ಫ್ಲ್ಯಾಟ್ ನಂಬರಿನ ಚೀಟಿ ಇದ್ದರೆ ಧೈರ್ಯವಾಗಿ ಹಣ ಕಟ್ಟಿ.