ಗುಂಪಿನ ಬರಹವೂ ಎರಡು ಶ್ರೀಕಾಕುಳಗಳೂ

ವಿಶಾಖಪಟ್ಟಣದಲ್ಲಿ ನೆಲೆಸಿರುವ ನನ್ನ ತಮ್ಮನ ಮನೆಗೆ ಕಳೆದ ವರ್ಷ ಹೋಗಿದ್ದಾಗ, ಒಂಬತ್ತನೆಯ ತರಗತಿಯಲ್ಲಿದ್ದ ಅವನ ಮಗಳು ತನ್ನ ಶಾಲೆಯ ‘ಗ್ರೂಪ್ ಪ್ರಾಜೆಕ್ಟ್’ ಒಂದನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದಳು. ಕೃಷ್ಣದೇವರಾಯನ ಕಳಿಂಗ ದಂಡಯಾತ್ರೆ ಅದರ ವಿಷಯ. ನಾಲ್ವರು ಮಕ್ಕಳು ತಂತಮ್ಮ ಮನೆಗಳಲ್ಲಿ ಕುಳಿತು ಒಂದೇ ಕಡತದಲ್ಲಿ ಬರೆಯಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬೇಕು. ಇದರಿಂದ ಮಕ್ಕಳಲ್ಲಿ ಉನ್ನತ ಸ್ತರದ ಚಿಂತನೆ ಬೆಳೆಯುತ್ತದೆಂದು ಶಾಲೆಯವರು ಪಾಲಕರಿಗೆ ಕಳುಹಿಸಿದ ಪತ್ರದಲ್ಲಿ ಬರೆದಿದ್ದರು. ಪೂರ್ಣಾಂಕವೂ ಬಂದಿತ್ತು.

ಇಂಥ ಕಡತಗಳಲ್ಲಿ ಒಂದು ಸೌಕರ್ಯವುಂಟು. ಯಾರು, ಯಾವಾಗ, ಏನನ್ನು ಸೇರಿಸಿದರು, ಅಳಿಸಿದರು ಎಂಬ ಚರಿತ್ರೆಯೆಲ್ಲ ಅಲ್ಲಿಯೇ ಉಳಿದಿರುತ್ತದೆ. ಕುತೂಹಲಕ್ಕೆಂದು ಅದನ್ನು ತೆಗೆದು ನೋಡಿದೆವು. ಒಪ್ಪಿಸುವ ಹಿಂದಿನ ರಾತ್ರಿ ಒಂದೂವರೆ ಗಂಟೆಯಲ್ಲಿ ಇಡೀ ಬರಹವನ್ನು ನಮ್ಮ ಹುಡುಗಿಯೊಬ್ಬಳೇ ಮುಗಿಸಿದ್ದಳು. ಉಳಿದ ಮೂವರಲ್ಲಿ ಒಬ್ಬ ಶೀರ್ಷಿಕೆಗೆ ಬಣ್ಣ ಬಳಿದಿದ್ದ. ಇನ್ನಿಬ್ಬರು ತಮ್ಮ ಹೆಸರು ಸೇರಿಸಿ ಹೋಗಿದ್ದರು. ಇದನ್ನು ಸಹಕಾರವೆನ್ನುವುದಾದರೆ ನಮ್ಮ ಮದುವೆ ಮನೆಗಳಲ್ಲಿ ಪಂಕ್ತಿಗೆ ಮೊದಲು ಬಂದು ಕೂರುವುದೂ ಸಹಕಾರವೇ!

ಬರಹದಲ್ಲಿ ಒಂದು ತಪ್ಪೂ ಇತ್ತು. ಕೃಷ್ಣದೇವರಾಯನು ದಂಡಯಾತ್ರೆಯ ಕಾಲದಲ್ಲಿ ಶ್ರೀಕಾಕುಳದಲ್ಲಿ ಆಂಧ್ರವಿಷ್ಣುವಿನ ದರ್ಶನ ಪಡೆದು, ಅಲ್ಲಿ ಕಂಡ ಕನಸಿನ ಪ್ರೇರಣೆಯಿಂದ ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ವನ್ನು ಬರೆದನೆಂಬ ಸಂಗತಿ ಸರಿಯಾಗಿಯೇ ಇತ್ತು. ಆದರೆ ಆ ಊರನ್ನು ಅವಳು ವಿಶಾಖಪಟ್ಟಣದ ಉತ್ತರಕ್ಕೆ ಗುರುತಿಸಿದ್ದಳು.

“ಇದು ಆ ಶ್ರೀಕಾಕುಳ ಅಲ್ಲವಲ್ಲೇ” ಎಂದೆ.

“ಇಲ್ಲಿಂದ ಬಸ್ಸಿದೆಯಲ್ಲ, ದೊಡ್ಡಪ್ಪ! ಜಿಲ್ಲೆಯ ಹೆಸರೇ ಅದು.”

ಜಿಲ್ಲೆ ಇದೆ, ಬಸ್ಸೂ ಇದೆ. ಆದರೆ ಕಾವ್ಯದ ಶ್ರೀಕಾಕುಳವಿರುವುದು ವಿಜಯವಾಡದ ಕಡೆಗೆ, ಕೃಷ್ಣಾ ಜಿಲ್ಲೆಯ ಘಂಟಸಾಲದ ಬಳಿ. ಅರಸನು ಮೊದಲು ವಿಜಯವಾಡಕ್ಕೆ ಬಂದು ಅಲ್ಲಿಂದ ಆ ಗುಡಿಗೆ ಹೋದನೆಂದು ಕಾವ್ಯವೇ ಹೇಳುತ್ತದೆ. ಸಿಂಹಾಚಲಕ್ಕೆ ಬಂದು ಕಾಣಿಕೆ ಒಪ್ಪಿಸಿದ್ದಕ್ಕೆ 1516ರ ಶಾಸನವಿದೆ. ನಾಲ್ವರಲ್ಲಿ ಒಬ್ಬರಾದರೂ ‘ಇದು ನಿನಗೆ ಹೇಗೆ ಗೊತ್ತು?’ ಎಂದು ಕೇಳಿದ್ದರೆ ತಪ್ಪು ಆಗಲೇ ಸಿಕ್ಕಿಬೀಳುತ್ತಿತ್ತು. ಕೇಳಿದವರಿಲ್ಲ, ಉಪಾಧ್ಯಾಯರೂ ಕೇಳಲಿಲ್ಲ.

1956ರಲ್ಲಿ ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಗೊಂದು ಮೆಟ್ಟಿಲುಸಾಲನ್ನು ಹೇಳಿದರು. 2001ರಲ್ಲಿ ಅದನ್ನು ಪರಿಷ್ಕರಿಸಿದಾಗ ನೆನಪು, ಗ್ರಹಿಕೆ, ಪ್ರಯೋಗ ಇವುಗಳ ಮೇಲೆ ವಿಶ್ಲೇಷಣೆ, ಬೆಲೆಗಟ್ಟುವಿಕೆ, ಸೃಷ್ಟಿ ಎಂದಾಯಿತು. ಮೇಲಿನ ಮೂರನ್ನೇ ಉನ್ನತ ಚಿಂತನೆಯೆನ್ನುವುದು. ಸೃಷ್ಟಿ ತುದಿಯಲ್ಲಿದೆಯೆಂದು ಓದಿದ ಶಾಲೆಗಳು ಮಕ್ಕಳಿಂದ ಏನನ್ನಾದರೂ ‘ಸೃಷ್ಟಿ’ ಮಾಡಿಸಿಬಿಟ್ಟರೆ ಕೆಳಗಿನ ಮೆಟ್ಟಿಲುಗಳೆಲ್ಲ ತಾವಾಗಿಯೇ ಏರಿದಂತೆ ಎಂದು ಭಾವಿಸಿರುವಂತೆ ಕಾಣುತ್ತದೆ.

ಈ ಭ್ರಮೆ ಶಾಲೆಗಳದ್ದು ಮಾತ್ರವಲ್ಲ. ಜಗತ್ತಿನ ಅತಿದೊಡ್ಡ ಸಹಬರಹವಾದ ವಿಕಿಪೀಡಿಯದಲ್ಲಿಯೂ ಇದರ ಪರೀಕ್ಷೆ ನಡೆದುಹೋಗಿದೆ. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಯಿಸಲು ಹೊರಟಾಗ, ಪುಸ್ತಕಗಳಿಂದಲೂ ಬೇರೆ ತಾಣಗಳಿಂದಲೂ ಎತ್ತಿದ ಬರಹವೇ ರಾಶಿರಾಶಿಯಾಗಿ ಬಂದು, ಅದನ್ನು ಅಳಿಸುವುದರಲ್ಲಿ ಸ್ವಯಂಸೇವಕರು ಬಸವಳಿದರು. ಯೋಜನೆಯನ್ನು ಆ ವರ್ಷವೇ ನಿಲ್ಲಿಸಬೇಕಾಯಿತು. ಅದೇ ಸುಮಾರಿಗೆ ಗೂಗಲ್ ಕಂಪನಿಯು ಸಂಬಳದ ಅನುವಾದಕರಿಂದ ಕನ್ನಡ, ತೆಲುಗು, ತಮಿಳು ಮುಂತಾದ ಭಾಷೆಗಳಿಗೆ ಇಂಗ್ಲಿಷ್ ಲೇಖನಗಳನ್ನು ಯಂತ್ರದ ನೆರವಿನಿಂದ ತರಿಸಿತು. ಸಂಖ್ಯೆ ಬೆಳೆಯಿತು, ಆ ಕನ್ನಡವನ್ನು ಓದಿದವರಿಗೆ ಬವಳಿ ಬಂತು.

ತೆಲುಗರ ವಿಷಯಕ್ಕೆ ಬಂದರೆ ನಾವು ಸ್ವಲ್ಪ ನಾಚಬೇಕು. ಎರಡೂ ಭಾಷೆಗಳ ವಿಕಿಪೀಡಿಯ ಹುಟ್ಟಿದ್ದು 2003ರಲ್ಲಿಯೇ. ಈಗ ಅವರ ಲೇಖನಗಳು ಲಕ್ಷ ದಾಟಿವೆ, ನಮ್ಮವು 30 ಸಾವಿರದ ಮೇಲೆ ಅಷ್ಟೆ. ಅವರ ಹತ್ತನೆಯ ವರ್ಷದ ಕೂಟ 2014ರಲ್ಲಿ ವಿಜಯವಾಡದಲ್ಲಿ ನಡೆಯಿತು, ಇಪ್ಪತ್ತನೆಯದು 2024ರಲ್ಲಿ ವಿಶಾಖಪಟ್ಟಣದಲ್ಲಿ. ವಿಜಯವಾಡದ ಆಂಧ್ರ ಲೊಯೋಲ ಕಾಲೇಜಿನ ವಿದ್ಯಾರ್ಥಿಗಳು ಈ ಕೆಲಸದಲ್ಲಿ ಕೈಜೋಡಿಸಿದ್ದುಂಟು. ನಮ್ಮಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದವರೂ ಕರಾವಳಿಯ ಕೆಲವು ಕಾಲೇಜಿನವರೂ ಹಾಗೆಯೇ. ಇದೆಲ್ಲ ಸ್ತುತ್ಯವೇ. ಆದರೂ ಸಂಖ್ಯೆಯನ್ನು ಹಿಡಿದು ಚಿಂತನೆಯನ್ನು ಅಳೆಯಲಾಗದು.

ವಿಕಿಪೀಡಿಯದ ಪ್ರತಿ ಲೇಖನದ ಬೆನ್ನಿಗೂ ‘ಚರ್ಚೆ’ ಎಂಬ ಪುಟವೊಂದಿದೆ. ಓದುಗರು ಅಪರೂಪಕ್ಕೆ ಮುಟ್ಟುವ ಪುಟ ಅದು. ಈ ಮಾತಿಗೆ ಆಧಾರವೇನು, ಆ ಆಧಾರ ನಂಬತಕ್ಕದ್ದೆ, ಎರಡು ಗ್ರಂಥಗಳು ಬೇರೆಬೇರೆ ಹೇಳಿದರೆ ಹೇಗೆ ಬರೆಯುವುದು ಎಂಬ ಜಗಳಗಳು ನಡೆಯುವುದು ಅಲ್ಲಿ. ಬ್ಲೂಮನ ಮೇಲಿನ ಮೆಟ್ಟಿಲುಗಳಿರುವುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ. ಉಪಾಧ್ಯಾಯರು ಅಂಕ ಕೊಡಬೇಕಾದದ್ದು ಮುಖ್ಯವಾಗಿ ಆ ಚರ್ಚೆಗೆ ಮತ್ತು ತಿದ್ದುಪಡಿಯ ಚರಿತ್ರೆಗೆ. ಐವತ್ತು ಮಕ್ಕಳಿರುವ ತರಗತಿಯಲ್ಲಿ ಇದನ್ನೆಲ್ಲ ಓದಲು ಅವರಿಗೆ ವೇಳೆಯೆಲ್ಲಿದೆ ಎಂದು ಕೇಳಬಹುದು. ನಿಜ. ಹಾಗಾದರೆ ಹತ್ತು ಪ್ರಾಜೆಕ್ಟಿನ ಬದಲು ಒಂದೇ ಮಾಡಿಸಲಿ.

ನಮ್ಮ ವಲಸೆಯ ಮನೆಗಳ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಆಂಧ್ರದಲ್ಲಿ ಓದುವ ಕನ್ನಡದ ಮಗು ತೆಲುಗನ್ನು ಹೇಗೂ ಕಲಿಯುತ್ತದೆ. ಎರಡು ಲಿಪಿಗಳು ಒಡಹುಟ್ಟಿದವು, ಕನ್ನಡಕ್ಕೆ ಹೊರಳಲು ಕೆಲವು ವಾರ ಸಾಕು. ಒಂದೇ ವಿಷಯದ ಎರಡು ಲೇಖನಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದುವ ಭಾಗ್ಯ ಬೆಂಗಳೂರಿನ ಎಷ್ಟು ಮಕ್ಕಳಿಗಿದೆ? ಕೃಷ್ಣದೇವರಾಯನನ್ನೇ ತೆಗೆದುಕೊಳ್ಳಿ. ತೆಲುಗರಿಗೆ ಅವನು ಆಂಧ್ರಭೋಜ; ನಮಗೆ ಕನ್ನಡ ರಾಜ್ಯ ರಮಾರಮಣ. ನಮ್ಮ ಹುಡುಗಿಗೂ ಈ ಬಗ್ಗೆ ತರಗತಿಯಲ್ಲಿ ಕಿತ್ತಾಟವಾಗಿ, ‘ನಿಮ್ಮವನಲ್ಲ, ನಮ್ಮವನು’ ಎನ್ನಿಸಿಕೊಂಡು ಅತ್ತು ಬಂದದ್ದುಂಟಂತೆ. ಆಮುಕ್ತಮಾಲ್ಯದದಲ್ಲಿಯೋ, ತನ್ನನ್ನು ತೆಲುಗರ ಅರಸನೆಂದುಕೊಳ್ಳುವ ದೇವರು ಎದುರಿಗಿರುವವನನ್ನು ಕನ್ನಡದ ಅರಸನೆಂದು ಕರೆದು, ತೆಲುಗಿನಲ್ಲಿ ಕಾವ್ಯ ಬರೆಯೆಂದು ಹೇಳುತ್ತಾನೆ! ಈ ಒಂದು ಸಂಗತಿಯನ್ನು ನಾಲ್ವರು ಮಕ್ಕಳ ಮುಂದಿಟ್ಟು, ‘ಹಾಗಾದರೆ ಯಾರವನು? ಈ ಪ್ರಶ್ನೆ ಅವನ ಕಾಲದ್ದೋ ನಮ್ಮ ಕಾಲದ್ದೋ?’ ಎಂದು ಕೇಳಿದ್ದರೆ ಅವರ ಕಡತ ಬೇರೆಯೇ ಆಗುತ್ತಿತ್ತು.

ನಾನು ಅಲ್ಲಿದ್ದಾಗಲೇ ಅವಳು ಶ್ರೀಕಾಕುಳದ ಜಾಗವನ್ನು ತಿದ್ದಿದಳು. ಅಂಕ ಬಂದಾಗಿದೆ, ಈಗೇಕೆ ಎಂದು ಅವಳ ತಾಯಿ ಗೊಣಗಿದರು. ಮಾರನೆಯ ದಿನ ನೋಡಿದರೆ, ಬಣ್ಣ ಬಳಿದಿದ್ದ ಹುಡುಗ ಅಂಚಿನಲ್ಲಿ ತೆಲುಗಿನಲ್ಲಿ ಬರೆದಿದ್ದ: ಏಕೆ ಬದಲಾಯಿಸಿದೆ, ಎಲ್ಲಿದೆ ಆಧಾರ? ಅವಳಿಗೆ ಕೋಪ ಬಂತು. ಉತ್ತರ ಬರೆಯುವುದಕ್ಕೆ ಎರಡು ದಿನ ಹಿಡಿಯಿತು.