ಉಳ್ಳಾಲದ ಕ್ಷೇತ್ರ ಮತ್ತು ಮಾತಾಡದ ಪೀಠ

ಚುನಾವಣೆ ಬಂತೆಂದರೆ ದಕ್ಷಿಣ ಕನ್ನಡದ ಎಂಟು ಕ್ಷೇತ್ರಗಳಲ್ಲಿ ಏಳರ ಬಗ್ಗೆ ನಮ್ಮ ಪತ್ರಿಕೆಗಳು, ಚಾನೆಲ್‌ಗಳು ಪುಟಗಟ್ಟಲೆ, ಗಂಟೆಗಟ್ಟಲೆ ವಿಶ್ಲೇಷಿಸುತ್ತವೆ. ಬಂಟರೆಷ್ಟು, ಬಿಲ್ಲವರೆಷ್ಟು, ಗೌಡರೆಷ್ಟು, ಯಾರಿಗೆ ಯಾರ ಮೇಲೆ ಮುನಿಸು ಎಂಬುದೆಲ್ಲ ಅಲ್ಲಿ ಬರುತ್ತದೆ. ಎಂಟನೆಯದಕ್ಕೆ ಮಾತ್ರ ಒಂದೇ ಸಾಲು ಸಾಕು: 'ಮುಸ್ಲಿಂ ಪ್ರಾಬಲ್ಯದ ಕ್ಷೇತ್ರ'. ಬರೆಯುವವರಿಗೆ ಇದು ಸುಲಭ. ಆದರೆ ಓದುವ ನಾವೂ ಇದನ್ನು ಒಪ್ಪಿಕೊಂಡು ಕುಳಿತಿದ್ದೇವಲ್ಲ, ನಮ್ಮ ತಕರಾರು ಇರುವುದು ಅಲ್ಲಿ.

ಮೊದಲು ಹೆಸರಿನ ವಿಷಯ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ವಿಟ್ಲ ಕ್ಷೇತ್ರ ಇಲ್ಲವಾಗಿ, ಜಿಲ್ಲೆಯ ಒಂಬತ್ತು ಕ್ಷೇತ್ರಗಳು ಎಂಟಾದವು. ಸುರತ್ಕಲ್ 'ಮಂಗಳೂರು ನಗರ ಉತ್ತರ'ವಾಯಿತು, ಹಳೆಯ ಮಂಗಳೂರು 'ಮಂಗಳೂರು ನಗರ ದಕ್ಷಿಣ'ವಾಯಿತು, ಉಳ್ಳಾಲಕ್ಕೆ ಬರೀ 'ಮಂಗಳೂರು' ಎಂದು ಹೆಸರು ಬಿತ್ತು. ಹಾಗಾಗಿ ಮಂಗಳೂರು ಪೇಟೆಯವರು ಈಗ 'ಮಂಗಳೂರು' ಕ್ಷೇತ್ರಕ್ಕೆ ಕಾಲಿಡಬೇಕಾದರೆ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿಗೆ ಬರಬೇಕು! ಪೋರ್ಚುಗೀಸರಿಗೆ ಎದುರು ನಿಂತ ರಾಣಿ ಅಬ್ಬಕ್ಕನ ಊರು, ಸಯ್ಯಿದ್ ಮದನಿ ದರ್ಗಾದ ಊರು, ವಿಧಾನಸಭೆಯ ಪಟ್ಟಿಯಲ್ಲಿ ಹೀಗೆ ಕಾಣೆಯಾಯಿತು. ಜನರ ಬಾಯಲ್ಲಿ ಅದು ಇಂದಿಗೂ ಉಳ್ಳಾಲ ಕ್ಷೇತ್ರವೇ. ನಾವೂ ಹಾಗೆಯೇ ಕರೆಯುತ್ತೇವೆ.

ಇನ್ನು ಆ ಒಂದು ಸಾಲಿನ ವಿಷಯ. ಈ ಕ್ಷೇತ್ರ 1967ರಲ್ಲಿ ಬಿ.ಎಂ. ಇದಿನಬ್ಬ ಅವರನ್ನು ಆರಿಸಿ ಕಳುಹಿಸಿತು. ಅವರು ಬ್ಯಾರಿ, ಸ್ವಾತಂತ್ರ್ಯ ಹೋರಾಟಗಾರ, ಅದಕ್ಕಿಂತ ಹೆಚ್ಚಾಗಿ ಕನ್ನಡದ ಕವಿ. ಮುಂದೆ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರೂ ಆದರು. 1972 ಮತ್ತು 1978ರಲ್ಲಿ ಯು.ಟಿ. ಫರೀದ್ ಗೆದ್ದರು. 1983ರಲ್ಲಿ ಇದೇ ಮತದಾರರು ಸಿಪಿಎಂನ ಪಿ. ರಾಮಚಂದ್ರ ರಾವ್ ಅವರನ್ನು ಗೆಲ್ಲಿಸಿದರು. ಬೀಡಿ ಕಟ್ಟುವವರು, ಹಂಚಿನ ಕಾರ್ಖಾನೆಯ ಕೆಲಸಗಾರರು ಬದುಕುವ ಈ ನೆಲದಲ್ಲಿ ಕೆಂಪು ಬಾವುಟಕ್ಕೆ ಗಟ್ಟಿ ಬೇರು ಇತ್ತು. ಮನೆ ಜಗಲಿಯಲ್ಲಿ ಮಡಿಲಿಗೆ ಸೂಪು ಇಟ್ಟುಕೊಂಡು ಎಲೆ ಕತ್ತರಿಸುವ ಹೆಂಗಸು ಬ್ಯಾರಿಯಾಗಿರಲಿ, ಬಿಲ್ಲವಳಾಗಿರಲಿ, ಬ್ರಾಂಚಿನಲ್ಲಿ ಬೀಡಿ ತಿರಸ್ಕೃತವಾದಾಗ ಕಳೆದುಕೊಳ್ಳುವುದು ಒಂದೇ ಕೂಲಿಯನ್ನು. 1985 ಮತ್ತು 1989ರಲ್ಲಿ ಮತ್ತೆ ಇದಿನಬ್ಬ. 1994ರಲ್ಲಿ ಬಿಜೆಪಿಯ ಕೆ. ಜಯರಾಮ ಶೆಟ್ಟಿ. ಕಾಂಗ್ರೆಸ್ಸಿನ ಕವಿಯನ್ನೂ ಕಮ್ಯುನಿಸ್ಟರನ್ನೂ ಬಿಜೆಪಿಯವರನ್ನೂ ಒಂದು ತಲೆಮಾರಿನೊಳಗೆ ಕಂಡ ಕ್ಷೇತ್ರಕ್ಕೆ ಜನಸಂಖ್ಯೆಯ ಲೆಕ್ಕವೊಂದೇ ಸಾಕೆನ್ನುವವರು ಈ ಪಟ್ಟಿಯನ್ನು ಓದಿಲ್ಲ. ಕೊಣಾಜೆ, ಮುಡಿಪು, ಸೋಮೇಶ್ವರ ಕಡೆಯ ಸಾವಿರಾರು ಹಿಂದೂ, ಕ್ರೈಸ್ತ ಮತದಾರರೂ ಆ ಒಂದು ಸಾಲಿನಲ್ಲಿ ಇಲ್ಲವೇ ಇಲ್ಲ. ಇದು ಮುಸ್ಲಿಮರಿಗೆ ಮಾತ್ರ ಆದ ಅನ್ಯಾಯವೇನಲ್ಲ.

ಆದರೆ ತಪ್ಪೆಲ್ಲ ಪತ್ರಿಕೆಗಳದ್ದೇ ಎನ್ನುವಂತೆಯೂ ಇಲ್ಲ. 1999ರಿಂದ 2023ರವರೆಗೆ ಇಲ್ಲಿ ನಡೆದ ಪ್ರತಿ ಚುನಾವಣೆಯಲ್ಲೂ ಗೆದ್ದದ್ದು ಒಂದೇ ಮನೆ. 1999 ಮತ್ತು 2004ರಲ್ಲಿ ಫರೀದ್, 2007ರಲ್ಲಿ ಅವರು ತೀರಿಕೊಂಡ ಮೇಲೆ ಉಪಚುನಾವಣೆಯಿಂದ ಮೊದಲ್ಗೊಂಡು ಐದು ಸಲ ಮಗ ಯು.ಟಿ. ಖಾದರ್. ಕೆಲಸ ಮಾಡದೆ ಯಾರೂ ಐದು ಸಲ ಗೆಲ್ಲುವುದಿಲ್ಲ, ಅದನ್ನು ಒಪ್ಪೋಣ. ಎಲ್ಲರ ಮನೆಯ ಮದುವೆಗೂ ಸಾವಿಗೂ ಹೋಗುವ ರಾಜಕಾರಣ ಕರಾವಳಿಯಲ್ಲಿ ಸಣ್ಣ ಸಂಗತಿಯಲ್ಲ. ಪ್ರಶ್ನೆ ಬೇರೆ. ಸುಳ್ಯದ, ಬೆಳ್ತಂಗಡಿಯ, ಪುತ್ತೂರಿನ ಮುಸ್ಲಿಮರು ತಮ್ಮ ಕ್ಷೇತ್ರದ ಶಾಸಕರ ಬಾಗಿಲು ತಟ್ಟದೆ ಉಳ್ಳಾಲದ ಶಾಸಕರನ್ನೇ 'ನಮ್ಮ ಶಾಸಕರು' ಎನ್ನುವುದನ್ನು ನಾವು ಎಷ್ಟು ಸಲ ಕೇಳಿಲ್ಲ? 2013ರಲ್ಲಿ ಮಂಗಳೂರು ನಗರ ಉತ್ತರದಿಂದ ಮೊಯ್ದಿನ್ ಬಾವಾ ಗೆದ್ದಾಗ ಜಿಲ್ಲೆಗೆ ಇಬ್ಬರಾದರು. 2018ರಲ್ಲಿ ಅವರು ಸೋತಾಗ ಮತ್ತೆ ಒಬ್ಬರೇ. ಆ ವರ್ಷ ಎಂಟು ಕ್ಷೇತ್ರಗಳಲ್ಲಿ ಕಾಂಗ್ರೆಸ್ಸಿಗೆ ಉಳಿದ ಸ್ಥಾನವೂ ಅದೊಂದೇ. ಒಂದು ಕ್ಷೇತ್ರವನ್ನು ಇಡೀ ಜಿಲ್ಲೆಯ ಸಮುದಾಯದ ಅರ್ಜಿ ಕಚೇರಿ ಮಾಡಿಕೊಂಡರೆ ಉಳಿದ ಏಳರ ಶಾಸಕರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಅವರು ಉತ್ತರ ಕೊಡಬೇಕಾದ ಮತದಾರರ ಪಟ್ಟಿಯಿಂದ ನಾವೇ ನಮ್ಮ ಹೆಸರು ತೆಗೆದುಕೊಟ್ಟಂತೆ.

2023ರ ಚುನಾವಣೆಯಲ್ಲಿ 224 ಸದಸ್ಯರ ಸದನಕ್ಕೆ ಒಂಬತ್ತು ಮುಸ್ಲಿಮರು ಆಯ್ಕೆಯಾದರು. ಅವರಲ್ಲಿ ಒಬ್ಬರಾದ, ಸಾಕಷ್ಟು ಅನುಭವವಿದ್ದ, ಆರೋಗ್ಯ, ಆಹಾರ, ನಗರಾಭಿವೃದ್ಧಿ ಖಾತೆಗಳನ್ನು ನಡೆಸಿದ್ದ, ವಿರೋಧ ಪಕ್ಷದ ಉಪನಾಯಕರಾಗಿ ಗಟ್ಟಿಯಾಗಿ ಮಾತಾಡುತ್ತಿದ್ದ ಖಾದರ್, ಅದೇ ಮೇ 24ರಂದು ಅವಿರೋಧವಾಗಿ ಸಭಾಧ್ಯಕ್ಷರಾದರು. ಕರ್ನಾಟಕ ವಿಧಾನಸಭೆಗೆ ಮೊದಲ ಮುಸ್ಲಿಂ ಸ್ಪೀಕರ್. ಊರಲ್ಲಿ ಸಿಹಿ ಹಂಚಿದರು, ಫ್ಲೆಕ್ಸ್ ಕಟ್ಟಿದರು, ನಮಗೂ ಸಂತೋಷವಾಯಿತು. ಆ ಸಂತೋಷದಲ್ಲಿ ಒಂದು ಸಣ್ಣ ಲೆಕ್ಕ ಬಿಟ್ಟುಹೋಯಿತು. ಸ್ಪೀಕರ್ ಚರ್ಚೆಯಲ್ಲಿ ಭಾಗವಹಿಸುವುದಿಲ್ಲ, ಪ್ರಶ್ನೋತ್ತರ ಅವಧಿಯಲ್ಲಿ ಎದ್ದುನಿಂತು ಮಂತ್ರಿಯನ್ನು ಕೇಳುವುದಿಲ್ಲ, ಮತ ಸಮಸಮ ಬಿದ್ದಾಗ ಬಿಟ್ಟರೆ ಮತ ಹಾಕುವುದೂ ಇಲ್ಲ. ಸದನದಲ್ಲಿ ಎಲ್ಲರಿಗೂ ಮಾತು ಕೊಡುವ ಆಸನದಲ್ಲಿ ಕುಳಿತವರಿಗೆ ತಮ್ಮ ಕ್ಷೇತ್ರದ ಮಾತು ಆಡುವ ಅವಕಾಶವಿಲ್ಲ.

2025ರ ಮಾರ್ಚ್ 21ರ ಕಲಾಪ ನೆನಪಿಸಿಕೊಳ್ಳಿ. ಸರ್ಕಾರಿ ಗುತ್ತಿಗೆಗಳಲ್ಲಿ ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಶೇ. 4 ಮೀಸಲು ಕೊಡುವ ಮಸೂದೆ ಗದ್ದಲದ ನಡುವೆಯೇ ಅಂಗೀಕಾರವಾಯಿತು. ಹರಿದ ಕಾಗದದ ಚೂರುಗಳು ಪೀಠದತ್ತ ತೂರಿಬಂದವು. ಸ್ಪೀಕರ್ ಬಿಜೆಪಿಯ 18 ಸದಸ್ಯರನ್ನು ಆರು ತಿಂಗಳು ಅಮಾನತು ಮಾಡಿದರು. ಮೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅಮಾನತು ಸರಿಯೋ ತಪ್ಪೋ ಎಂದು ಟಿವಿಗಳು ದಿನಗಟ್ಟಲೆ ಚರ್ಚಿಸಿದವು. ಆ ಮಸೂದೆ ಯಾಕೆ ಬೇಕು, ಸಣ್ಣ ಗುತ್ತಿಗೆದಾರನೊಬ್ಬ ಟೆಂಡರಿನ ಬಾಗಿಲಲ್ಲಿ ಎಲ್ಲಿ ಸೋಲುತ್ತಾನೆ ಎಂದು ಕರಾವಳಿಯ ಅನುಭವದಿಂದ ವಿವರಿಸಬಲ್ಲ ಸದಸ್ಯರು ಆ ದಿನ ಸದನದಲ್ಲೇ ಇದ್ದರು, ಎಲ್ಲರಿಗಿಂತ ಎತ್ತರದ ಆಸನದಲ್ಲಿ. ಅವರ ಪಾಲಿನ ಕೆಲಸ 'ಶಾಂತರಾಗಿ, ಕುಳಿತುಕೊಳ್ಳಿ' ಎನ್ನುವುದಾಗಿತ್ತು. ಮಸೂದೆ ಮುಂದೆ ರಾಜ್ಯಪಾಲರ ಮೂಲಕ ರಾಷ್ಟ್ರಪತಿಗಳ ಪರಿಶೀಲನೆಗೆ ಹೋಯಿತು.

ಸ್ಪೀಕರ್ ಕೊಠಡಿಗೆ ಅಧಿಕಾರಿಗಳನ್ನು ಕರೆಸಿ ಕೆಲಸ ಮಾಡಿಸಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ನಿಜ, ಮಂತ್ರಿಗಿಂತ ಬೇಗ ಆಗುವ ಕೆಲಸಗಳೂ ಇರಬಹುದು. ಆದರೆ ಕೊಠಡಿಯೊಳಗಿನ ಮಾತು ಕಡತಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ಉಳ್ಳಾಲ, ಸೋಮೇಶ್ವರದ ಮನೆಗಳ ಅಂಗಳಕ್ಕೆ ಕಡಲು ನುಗ್ಗಿದಾಗ, ತಡೆಗೋಡೆಗೆ ಸುರಿದ ಕಲ್ಲು ಎಲ್ಲಿ ಹೋಯಿತು, ಹಣ ಎಷ್ಟು ಖರ್ಚಾಯಿತು ಎಂದು ಆ ಊರಿನ ಶಾಸಕರೇ ಸದನದಲ್ಲಿ ಕೇಳಿ, ಮಂತ್ರಿ ಲಿಖಿತ ಉತ್ತರ ಕೊಟ್ಟರೆ ಅದು ದಾಖಲೆ. ಆ ಉತ್ತರದ ಪ್ರತಿ ಹಿಡಿದು ಮೊಗವೀರಪಟ್ಣದ ಮೀನುಗಾರ ಮರುವರ್ಷ ಮತ್ತೆ ಕೇಳಬಹುದು. ಈ ಪ್ರಶ್ನೆಯನ್ನು ಈಗ ಪಕ್ಕದ ಕ್ಷೇತ್ರದ ಶಾಸಕರ್ಯಾರಾದರೂ ಕೇಳಬೇಕು, ಅವರಿಗೆ ಮನಸ್ಸಾದರೆ.