ಜೋಳದೊಳಗಿನ ಳ

ಕನ್ನಡ ವರ್ಣಮಾಲೆಯ ಯಾವ ಪಟವನ್ನಾದರೂ ಬಿಡಿಸಿ ಕೊನೆಯ ಮನೆ ನೋಡಿ. ಅಲ್ಲಿ ಳ ಇರುತ್ತದೆ. ಅದರ ಕೆಳಗೆ ಯಾವ ಚಿತ್ರ ಹಾಕಬೇಕೆಂದು ತಿಳಿಯದೆ ಪಟ ಮಾಡಿದವರು ಪರದಾಡಿದ್ದು ಎದ್ದು ಕಾಣುತ್ತದೆ. ಒಬ್ಬರು ಕೊಳ ಬರೆಯುತ್ತಾರೆ, ಇನ್ನೊಬ್ಬರು ಬಾಳೆ ಬರೆಯುತ್ತಾರೆ. ಣ ಮನೆಯಲ್ಲೂ ಇದೇ ಪಾಡು. ಙ, ಞ ಮನೆಗಳಲ್ಲಂತೂ ಚಿತ್ರವೇ ಇರುವುದಿಲ್ಲ. ಇವತ್ತು ನಾವಾಡುವ ಕನ್ನಡದಲ್ಲಿ ಈ ನಾಲ್ಕು ಅಕ್ಷರಗಳಿಂದ ಶುರುವಾಗುವ ಪದಗಳಿಲ್ಲ. ಅಷ್ಟಾದರೂ ‘ಅಕ್ಷರ ಕಲಿಸುವ ಪದ ಅದೇ ಅಕ್ಷರದಿಂದ ಶುರುವಾಗಬೇಕು’ ಎಂಬ ಕಟ್ಟಳೆಯನ್ನು ಯಾರೂ ಪ್ರಶ್ನಿಸಿದಂತಿಲ್ಲ.

ಇಂಗ್ಲಿಷಿನಲ್ಲಿ ಈ ಕಟ್ಟಳೆಗೆ ಕಾರಣವಿದೆ. ಅಲ್ಲಿ ಅಕ್ಷರದ ಹೆಸರು ಒಂದು, ಅದರ ಉಲಿ ಇನ್ನೊಂದು. ‘ಎ’ ಎಂದು ಕರೆಸಿಕೊಳ್ಳುವ ಅಕ್ಷರ ‘ಆಪಲ್’ನಲ್ಲಿ ಬೇರೆಯೇ ದನಿ ಕೊಡುತ್ತದೆ. ಆ ದನಿಯನ್ನು ತೋರಿಸಲು ಒಂದು ಪದ ಬೇಕೇ ಬೇಕು. ನಮ್ಮಲ್ಲಿ ಕ ಎಂದರೆ ಕ. ಹೆಸರೂ ಅದೇ, ದನಿಯೂ ಅದೇ. ಹಾಗಿದ್ದಮೇಲೆ ಕಮಲದ ಚಿತ್ರ ಮಗುವಿಗೆ ಏನು ಕಲಿಸುತ್ತಿದೆ? ಕ ಎಂಬ ಗೀಟುಗಳ ಆಕಾರಕ್ಕೆ ನೆನಪಿನಲ್ಲಿ ಒಂದು ಗೂಟ ಹೊಡೆಯುತ್ತದೆ, ಅಷ್ಟೆ. ಗೂಟ ಗಟ್ಟಿಯಾಗಬೇಕಾದರೆ ಪದ ಮಗುವಿನದಾಗಿರಬೇಕು. ಪದದ ಮೊದಲಲ್ಲೇ ಆ ಅಕ್ಷರ ಬರಬೇಕೆಂಬ ಹಟ ವ್ಯಂಜನಗಳ ಮಟ್ಟಿಗೆ ಬೇಕಾಗಿಲ್ಲ. ಸ್ವರಗಳ ಮಾತು ಬೇರೆ. ಆ, ಈ, ಓ ತಮ್ಮ ಸ್ವಂತ ರೂಪದಲ್ಲಿ ಕಾಣಿಸಿಕೊಳ್ಳುವುದೇ ಪದದ ಮೊದಲಲ್ಲಿ. ಒಳಗೆ ಬಂದರೆ ಕಾಗುಣಿತದ ಗುರುತಾಗಿಬಿಡುತ್ತವೆ. ನಮ್ಮ ಪಟಗಳು ಈ ಎರಡು ಜಾತಿಗಳನ್ನು ಒಂದೇ ಅಚ್ಚಿನಲ್ಲಿ ಒತ್ತುತ್ತವೆ.

ಈ ಪಟವನ್ನು ಯಾದಗಿರಿ ಜಿಲ್ಲೆಯ ಕೊಂಕಲ್‌ನಂಥ ಊರಿನ ಒಂದನೇ ತರಗತಿಯ ಮಗುವಿನ ಕಣ್ಣಿಂದ ಓದಬೇಕು. ಮ ಮನೆಯಲ್ಲಿ ಮರದ ಚಿತ್ರವಿದೆ. ಮಗು ನೋಡುತ್ತದೆ, ‘ಗಿಡ’ ಎನ್ನುತ್ತದೆ. ಅದು ಹೇಳಿದ್ದು ಸರಿಯೇ. ಈ ಸೀಮೆಯಲ್ಲಿ ಬೇವೂ ಗಿಡ, ಹುಣಸೆಯೂ ಗಿಡ. ಎಷ್ಟೋ ಮನೆಗಳಲ್ಲಿ ಮರ ಎಂದರೆ ಅವ್ವ ಜೋಳ ಹಸನು ಮಾಡುವ ಮೊರ. ಏ ಮನೆಯಲ್ಲಿ ಏಣಿ ಇದೆ, ಮಗುವಿನ ಬಾಯಲ್ಲಿ ಅದು ನಿಚ್ಚಣಕಿ. ಹ ಮನೆಯಲ್ಲಿ ಹಸು ನಿಂತಿದೆ, ಮಗುವಿಗೆ ಅದು ಆಕಳ. ಮೂರು ಸಲ ತನಗೆ ಗೊತ್ತಿದ್ದದ್ದನ್ನೇ ಹೇಳಿ ಮೂರು ಸಲವೂ ತಪ್ಪಾದ ಮಗು ನಾಲ್ಕನೆಯ ಸಲ ಚಿತ್ರ ನೋಡುವುದನ್ನು ಬಿಡುತ್ತದೆ. ಮಾಸ್ತರು ಹೇಳಿಕೊಟ್ಟದ್ದನ್ನು ರಾಗವಾಗಿ ಒಪ್ಪಿಸುತ್ತದೆ. ಚಿತ್ರದ ಮೇಲೆ ಬೆರಳಿಟ್ಟು ‘ಹ ಹಸು’ ಎನ್ನುವ ಮಗು ಹ ಅಕ್ಷರವನ್ನು ಓದುತ್ತಿದೆಯೆಂದು ನಂಬುವುದು ದೊಡ್ಡವರ ಸಮಾಧಾನಕ್ಕೆ. ಚಿತ್ರವನ್ನು ಕೈಯಿಂದ ಮುಚ್ಚಿ ಕೇಳಿದರೆ ಗೊತ್ತಾಗುತ್ತದೆ.

ಬೆಂಗಳೂರಿನ ಮನೆಯಲ್ಲಿ ಇದೇ ಪಟ ತೂಗುಹಾಕಿದರೆ ತೊಂದರೆ ಇಷ್ಟಿರುವುದಿಲ್ಲ. ಸಂಜೆ ತಾಯಿ ಪಕ್ಕದಲ್ಲಿ ಕೂತು ‘ಇದು ಖಡ್ಗ, ಹಿಂದೆ ರಾಜರು ಹಿಡೀತಿದ್ರು’ ಎಂದು ವಿವರಿಸುತ್ತಾಳೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಇಡೀ ರಾಜ್ಯದ ಲೆಕ್ಕ ಶೇ. 75.36 ಇತ್ತು. ಅಂದು ಓದಲು ಬಾರದವರೆಂದು ಎಣಿಕೆಯಾದವರೇ ಇವತ್ತಿನ ಅಜ್ಜ ಆಯಿಯರು, ಎಷ್ಟೋ ಕಡೆ ಅಪ್ಪ ಅವ್ವಂದಿರೂ ಹೌದು. ಅಂಥ ಮನೆಗೆ ಮಗು ಸಾಲಿಯಿಂದ ತೆಗೆದುಕೊಂಡು ಹೋಗಬಹುದಾದದ್ದು ಪದವೊಂದೇ. ಆ ಪದ ಮನೆಯಲ್ಲಿ ಯಾರ ಬಾಯಲ್ಲೂ ಇಲ್ಲದಿದ್ದರೆ ಅಕ್ಷರ ಸಾಲಿಯ ಹೊಸ್ತಿಲಲ್ಲೇ ಉಳಿಯಿತು.

ಪಟದ ಪದಗಳೇಕೆ ಹೀಗಿವೆ ಎಂಬುದಕ್ಕೆ ಪಟ ಮಾಡುವವರ ಪರವಾಗಿ ಒಂದು ಮಾತು ಹೇಳಬೇಕು. ಅರಸ, ಕಮಲ, ಗರಗಸ, ರಥ, ವನ, ಬಸವ: ಇವುಗಳಲ್ಲಿ ಕಾಗುಣಿತವಿಲ್ಲ, ಒತ್ತಿಲ್ಲ. ಅಕ್ಷರ ಗೊತ್ತಾದ ಮಗು ಇಡೀ ಪದವನ್ನೇ ಓದಬಹುದು. ಕನ್ನಡದ ಮನೆಮಾತಿನ ಪದಗಳು ಸಾಮಾನ್ಯವಾಗಿ ಇ, ಉ, ಎ ದನಿಗಳಲ್ಲಿ ಮುಗಿಯುತ್ತವೆ. ಮನೆ, ಎಲೆ, ಹಾಲು, ನರಿ ಎಲ್ಲಕ್ಕೂ ಕಾಗುಣಿತ ಬೇಕು. ಹೀಗಾಗಿ ಸರಳ ಅಕ್ಷರಗಳ ಹುಡುಕಾಟ ಪುಸ್ತಕ ಬರೆಯುವವರನ್ನು ತಾನೇ ತಾನಾಗಿ ಸಂಸ್ಕೃತದ ಕಡೆಗೆ ತಳ್ಳುತ್ತದೆ. ಮಹಾಪ್ರಾಣಗಳ ಸಾಲಿಗೆ ಬಂದರೆ ಇದು ತಮಾಷೆಯಾಗುತ್ತದೆ. ಖಡ್ಗ, ಘಂಟೆ, ಢಕ್ಕೆ, ಧನುಸ್ಸು, ಭಟ, ಜೊತೆಗೆ ಶಂಖ, ಋಷಿ, ಯತಿ. ಐದು ವರ್ಷದ ಮಗುವಿನ ಮುಂದೆ ಅರ್ಧ ಯುದ್ಧಭೂಮಿ, ಅರ್ಧ ಆಶ್ರಮ. ಅರಸನನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಇದೇ ಜಿಲ್ಲೆಯ ಸುರಪುರದ ಮಗುವಿಗೆ ಅರಸ ದೂರದವನಲ್ಲ. 1857–58ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕನ ಹೆಸರು ಅಲ್ಲಿ ಓಣಿಯ ಮಾತಿನಲ್ಲೇ ಬರುತ್ತದೆ.

ಸರಳ ಅಕ್ಷರದ ಪದ ಬೇಕೆಂದರೆ ಸಂಸ್ಕೃತಕ್ಕೇ ಹೋಗಬೇಕೆಂಬ ನಂಬಿಕೆ ತಪ್ಪೆಂದು ತೋರಿಸಲು ಈ ಸೀಮೆಯ ಮಾತೇ ಸಾಕು. ಆಕಳ. ಈಚಲ. ಔಡಲ. ಒಂದು ಗುಣಿತದ ಗುರುತಿಲ್ಲ, ಮೂರೂ ಸ್ವರದಿಂದಲೇ ಶುರುವಾಗುತ್ತವೆ. ‘ಈ’ ಸ್ವರಕ್ಕೆ ಈಶನನ್ನು ಕರೆತಂದು ಶಿವನ ಚಿತ್ರ ಬರೆದು, ಮಗು ‘ಶಿವ’ ಎಂದಾಗ ‘ಅಲ್ಲ, ಈಶ’ ಎಂದು ತಿದ್ದುವ ಕಷ್ಟ ಯಾಕೆ, ಹಳ್ಳದ ದಂಡೆಯಲ್ಲಿ ಈಚಲ ನಿಂತಿರುವಾಗ? ಕ ಮತ್ತು ಣ ಎರಡನ್ನೂ ಒಟ್ಟಿಗೆ ಕಲಿಸಲು ರಾಶಿ ಮಾಡುವ ಕಣ ಇದೆ. ಎಳ್ಳ ಅಮಾಸಿಗೆ ಹೊಲದಲ್ಲಿ ಚೆಲ್ಲುವ ಚರಗ ಮೂರು ಸರಳ ಅಕ್ಷರ. ಆಕಳ ಹಾಕಿದ ಕರ ಎರಡೇ ಅಕ್ಷರ. ‘ಕರು’ ಎಂದು ತಿದ್ದಿದ ಕೂಡಲೇ ಅದಕ್ಕೆ ಗುಣಿತ ಬಂದುಬಿಡುತ್ತದೆ. ಇನ್ನು ಆ ಕೊನೆಯ ಮನೆಯ ಳ. ದಿನಕ್ಕೆರಡು ಹೊತ್ತು ಜೋಳದ ರೊಟ್ಟಿ ಉಣ್ಣುವ ಮಗುವಿಗೆ ಳ ಕಲಿಸಲು ಪದ ಸಿಗುವುದಿಲ್ಲವೇ? ಜೋ ಓದಲು ಬಾರದಿದ್ದರೇನು, ಜೋಳ ಎಂದು ಬಾಯಿಂದ ಹೇಳಿಸಿ, ಕೊನೆಗೆ ನಾಲಿಗೆ ಎಲ್ಲಿ ಮಡಚಿತೆಂದು ಕೇಳಿದರೆ ಸಾಕು.

ಪಟವನ್ನು ಬಿಟ್ಟು ನಲಿಕಲಿಗೆ ಬಂದರೆ ನಾವು ಬಹಳ ಮುಂದೆ ಬಂದಂತೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ, 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿದ ಈ ಪದ್ಧತಿ ಅ ಆ ಇ ಈ ಎಂಬ ಸಾಲನ್ನು ಮುರಿಯಿತು. ವರ್ಣಮಾಲೆಯ ಸಾಲು ನಾಲಿಗೆ, ಗಂಟಲು, ತುಟಿಗಳ ಲೆಕ್ಕದಲ್ಲಿ ಕಟ್ಟಿದ್ದು. ವ್ಯಾಕರಣಕ್ಕೆ ಅದಕ್ಕಿಂತ ಚೆಂದದ ಜೋಡಣೆ ಇಲ್ಲ. ಆದರೆ ಆಗ ತಾನೇ ಬಳಪ ಹಿಡಿದ ಬೆರಳಿಗೆ ಮೂರನೆಯ ಹೆಜ್ಜೆಯಲ್ಲೇ ಇ, ಈ ಬರೆಯಿಸುವುದು ಕ್ರೌರ್ಯ. ನಲಿಕಲಿ ರ, ಗ, ಸ, ದ, ಅ ಎಂದು ಶುರು ಮಾಡಿತು, ಆಮೇಲೆ ಜ, ವ, ಮ, ಬ, ನ. ಬರೆಯಲು ಸುಲಭ. ಅದಕ್ಕಿಂತ ಹೆಚ್ಚಾಗಿ, ಐದೇ ಅಕ್ಷರಗಳಿಂದ ಮಗು ಸರ, ರಸ, ಅರಸ, ಗರಗಸ, ದಸರ ಓದಿಬಿಡುತ್ತದೆ. ಒಂದು ಅಕ್ಷರಕ್ಕೆ ಒಂದು ಪದ ಎಂಬ ಬಿಡಿ ಜೋಡಿ ಹೋಗಿ, ಕೆಲವೇ ಅಕ್ಷರಗಳು ಒಂದರೊಡನೊಂದು ಕೂಡಿ ಪದ ಕಟ್ಟುವ ಆಟ ಬಂತು. ಕನ್ನಡದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ವಿಚಾರದಲ್ಲಿ ನನಗೆ ತಿಳಿದಂತೆ ಇದಕ್ಕಿಂತ ದೊಡ್ಡ ಬುದ್ಧಿವಂತಿಕೆ ಬಂದಿಲ್ಲ.

ಬ್ರೆಜಿಲ್‌ನ ಪಾವ್ಲೋ ಫ್ರೇರಿ 1960ರ ದಶಕದಲ್ಲಿ ಕೂಲಿಕಾರರಿಗೆ ಓದು ಕಲಿಸಲು ಹಿಡಿದ ದಾರಿ ಇದಕ್ಕೆ ತೀರ ಹತ್ತಿರ. ಆತ ಇಟ್ಟಿಗೆಯ ಹೆಸರಾದ ‘ತಿಜೋಲು’ ಎಂಬ ಪದ ತೆಗೆದುಕೊಂಡು ಅದನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಅದರ ಮನೆತನವನ್ನು ಬರೆದು ತೋರಿಸುತ್ತಿದ್ದ: ತ, ತೆ, ತಿ, ತೊ, ತು. ನಮ್ಮವರು ನೋಡಿದರೆ ‘ಇದು ಕಾಗುಣಿತ ಅಲ್ಲೇನು’ ಎನ್ನುತ್ತಾರೆ. ಸಾಲಿಯಲ್ಲಿ ಬಾಯಿಪಾಠ ಮಾಡಿಸಿ ಬೇಸರ ಹುಟ್ಟಿಸಿದ ಅದೇ ಕಾಗುಣಿತ ಅಲ್ಲಿ ಹೊಸ ಪದ ಕಟ್ಟುವ ಸಾಮಾನಾಗಿತ್ತು. ಒಂದು ವ್ಯತ್ಯಾಸವಿದೆ. ಫ್ರೇರಿ ಮೊದಲು ಆ ಜನರ ನಡುವೆ ಕೂತು ಅವರ ಮಾತು ಕೇಳಿ, ಅದರಿಂದ ಪದ ಆರಿಸಿಕೊಂಡ. ಅಕ್ಷರ ಆಮೇಲೆ ಬಂತು. ನಲಿಕಲಿಯಲ್ಲಿ ಅಕ್ಷರ ಮೊದಲು ಆರಿಸಿ, ಅದರಲ್ಲಿ ಏನು ಪದ ಹುಟ್ಟುತ್ತದೋ ಅದನ್ನು ಮಗುವಿಗೆ ಕೊಟ್ಟರು. ಐದು ಅಕ್ಷರದಲ್ಲಿ ಹುಟ್ಟುವ ಇನ್ನೊಂದು ಪದ ಅಗಸ. ಕೊಂಕಲ್ ಕಡೆಯ ಮಗುವಿಗೆ ಗೊತ್ತಿರುವುದು ಅಗಸಿ, ಊರ ಬಾಗಿಲು. ಇಲ್ಲವೇ ಹಿಂಡಿ ಕುಟ್ಟುವ ಅಗಸಿ. ಮೇಲಾಗಿ ಕುಲಕಸುಬಿನ ಹೆಸರೊಂದನ್ನು ಮಗುವಿನ ಮೊದಲ ಹತ್ತು ಪದಗಳಲ್ಲಿ ಸೇರಿಸುವ ಮುಂಚೆ ಅದೇ ಕುಲದ ಮಗುವೂ ಅದೇ ಚಾಪೆಯ ಮೇಲೆ ಕೂತಿರುತ್ತದೆಂದು ಯೋಚಿಸಬೇಕು.

ದೋಷ ಪದ್ಧತಿಯದಕ್ಕಿಂತ ಅದು ಹರಡಿದ ರೀತಿಯದು. ಹೆಗ್ಗಡದೇವನಕೋಟೆಯಲ್ಲಿ ನಲಿಕಲಿಯ ಕಲಿಕೆ ಕಾರ್ಡುಗಳನ್ನು ಅಲ್ಲಿನ ಶಿಕ್ಷಕರೇ ಕೂತು ಮಾಡಿದ್ದರು. ತಮ್ಮ ಮುಂದಿದ್ದ ಮಕ್ಕಳ ಮುಖ ನೋಡಿ ಮಾಡಿದ್ದರು. ರಾಜ್ಯಕ್ಕೆಲ್ಲ ಹೋಗುವಾಗ ಅದು ಅಚ್ಚಾಗಿ, ಎಣಿಕೆಯಾಗಿ, ಕಲಿಕೆಯ ಹಂತ ತೋರಿಸುವ ಏಣಿ ಮತ್ತು ಮೈಲಿಗಲ್ಲುಗಳ ಸಮೇತ ಪೆಟ್ಟಿಗೆಯಲ್ಲಿ ಬಂತು. ಯಾದಗಿರಿಯ ಶಿಕ್ಷಕರಿಗೆ ಕಾರ್ಡು ಸಿಕ್ಕಿತು, ಕಾರ್ಡು ಮಾಡುವ ಅಧಿಕಾರ ಸಿಕ್ಕಲಿಲ್ಲ. ಒಂದು, ಎರಡು, ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿಕೊಂಡು ಯಾರು ಯಾವ ಮೆಟ್ಟಿಲಲ್ಲಿದ್ದಾರೆಂದು ಗುರುತು ಹಾಕುವುದರಲ್ಲೇ ದಿನ ಮುಗಿಯುವಾಗ, ‘ಅಗಸ’ದ ಬದಲು ‘ಕಣ’ ಇಡಬಹುದೇ ಎಂದು ಯೋಚಿಸಲು ಯಾರಿಗೆ ಬಿಡುವಿದೆ?

ಈ ಜಿಲ್ಲೆಯ ತರಗತಿಯಲ್ಲಿ ಕನ್ನಡವೊಂದೇ ಮನೆಮಾತು ಎಂದು ತಿಳಿಯುವುದೂ ತಪ್ಪು. ತಾಂಡಾದಿಂದ ಬರುವ ಲಂಬಾಣಿ ಮಕ್ಕಳು, ಉರ್ದು ಮನೆಯ ಮಕ್ಕಳು, ತೆಲಂಗಾಣದ ಗಡಿ ಹತ್ತಿರವಾದ್ದರಿಂದ ತೆಲುಗು ಆಡುವ ಮಕ್ಕಳು ಇದ್ದಾರೆ. ಅವರನ್ನು ಸಾಮಾನ್ಯವಾಗಿ ‘ಭಾಷೆಯ ಸಮಸ್ಯೆ’ ಎಂಬ ಪಟ್ಟಿಗೆ ಸೇರಿಸುತ್ತೇವೆ. ನಮ್ಮ ಪಟದಲ್ಲಿ ಅತಿ ಬಡವಾಗಿರುವ ಮಹಾಪ್ರಾಣಗಳು ಇವರಲ್ಲಿ ಲಂಬಾಣಿ, ಉರ್ದು ಮಕ್ಕಳ ಬಾಯಲ್ಲಿ ಜೀವಂತ ಇವೆಯೆಂಬುದನ್ನು ಯಾರೂ ಗಮನಿಸಿದಂತಿಲ್ಲ. ಕನ್ನಡದ ಮಗು ಘಂಟೆಯನ್ನು ಗಂಟೆ ಎಂದೇ ಹೇಳುತ್ತದೆ. ಅದರ ಕಿವಿಗೆ ಗ, ಘ ಬೇರೆ ಅನ್ನಿಸಲು ಕಾರಣವೇ ಇಲ್ಲ. ಲಂಬಾಣಿ ಮಗುವಿಗೆ ಮನೆ ಎಂದರೆ ಘರ. ಘ, ರ, ಎರಡೂ ಸರಳ ಅಕ್ಷರ. ಘ ಕಲಿಸುವ ದಿನ ಆ ಮಗುವಿನಿಂದ ಹೇಳಿಸಿದರೆ ಮಿಕ್ಕವರು ಅದರ ಬಾಯಿ ನೋಡುತ್ತಾರೆ. ಕನ್ನಡದ ಮನೆಗಳಿಂದಲೂ ಕೆಲವು ಸಿಗುತ್ತವೆ: ಖ ಅಕ್ಷರಕ್ಕೆ ಅಡುಗೆಮನೆಯ ಖಾರ, ಭ ಅಕ್ಷರಕ್ಕೆ ನಾರಾಯಣಪುರ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಗದ್ದೆಗಳಲ್ಲಿ ತುಂಬಿದ ಭತ್ತ. ಖಡ್ಗ, ಭಟ ಇಬ್ಬರಿಗೂ ವಿಶ್ರಾಂತಿ ಕೊಡಬಹುದು. ಛತ್ರಿಯನ್ನು ಇಟ್ಟುಕೊಳ್ಳಲಿ, ತೆಂಕಣದವರ ಕೊಡೆ ಇಲ್ಲಿ ಛತ್ರಿಯೇ.

ಹೀಗೆ ಊರಿಗೊಂದು ಪದ ಎಂದರೆ ಪಠ್ಯಪುಸ್ತಕ ಹೇಗೆ ಅಚ್ಚಾಗಬೇಕು, ಚಾಮರಾಜನಗರದ ಮಗು ಔಡಲಕ್ಕೆ ಎಲ್ಲಿ ಹೋಗಬೇಕು ಎಂದು ಕೇಳುವವರಿದ್ದಾರೆ. ಪುಸ್ತಕ ಒಂದೇ ಇರಲಿ. ಅಕ್ಷರಕ್ಕೆ ಮೊದಲ ಗೂಟ ಹೊಡೆಯುವ ಹತ್ತಿಪ್ಪತ್ತು ಪದಗಳನ್ನು ಮಾತ್ರ ತರಗತಿಗೆ ಬಿಟ್ಟುಕೊಟ್ಟರೆ ರಾಜ್ಯ ಒಡೆದುಹೋಗುವುದಿಲ್ಲ. ದಾರಿ ಬಹಳ ಉದ್ದವಿದೆ; ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡದ ಮಕ್ಕಳು ಗುಣಿತ, ಒತ್ತುಗಳನ್ನೆಲ್ಲ ಸೇರಿಸಿ ಅಕ್ಷರಗಳನ್ನು ಪೂರ್ತಿ ಹಿಡಿಯಲು ನಾಲ್ಕು, ಐದನೇ ತರಗತಿಯವರೆಗೆ ಸಮಯ ತೆಗೆದುಕೊಳ್ಳುವುದನ್ನು ತೋರಿಸಿತು. ಶಿಷ್ಟ ಕನ್ನಡ ಕಲಿಸಲು ಅಷ್ಟು ವರ್ಷ ಇವೆ. ಮೊದಲ ತಿಂಗಳೇ ಅವಸರ ಯಾಕೆ? ಈಗಂತೂ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಎಲ್‌ಕೆಜಿ, ಯುಕೆಜಿ ಬಂದಿವೆ, ಗೋಡೆಯ ಪಟ ನಾಲ್ಕು ವರ್ಷದವರ ಕಣ್ಣಿಗೂ ಬೀಳುತ್ತಿದೆ.

ನಲಿಕಲಿಯ ಮೊದಲ ಐದು ಅಕ್ಷರಗಳ ಬಗ್ಗೆ ಇನ್ನೊಂದು ಮಾತಿದೆ, ಅದನ್ನು ಆರಿಸಿದವರಿಗೂ ಹೊಳೆದಿರಲಾರದು. ಮೈಸೂರು ಕಡೆಯ ಮಗು ‘ಸರ ಇದೆ’ ಎಂದು ಬರೆಯಬೇಕಾದರೆ ಇ ಕಲಿಯಬೇಕು, ಎತ್ವ ಕಲಿಯಬೇಕು. ತಿಂಗಳುಗಟ್ಟಲೆ ಅದು ಬಿಡಿ ಪದಗಳನ್ನೇ ಓದುತ್ತಿರಬೇಕು. ಕಲಬುರಗಿ, ಯಾದಗಿರಿ ಕಡೆಯ ಮಾತಿನಲ್ಲಿ ‘ಇದೆ’ ಎಂಬುದು ‘ಅದ’. ಅ ಮತ್ತು ದ ಎರಡೂ ಆ ಐದರಲ್ಲೇ ಇವೆ. ಸರ ಅದ, ರಸ ಅದ, ಗರಗಸ ಅದ: ಮೊದಲ ಕಂತು ಮುಗಿದ ದಿನವೇ ಕೊಂಕಲ್‌ನ ಮಗು ಪೂರಾ ವಾಕ್ಯ ಬರೆಯಬಲ್ಲದು. ಕ, ಳ, ಆ ಸೇರಿದರೆ ‘ಆಕಳ ಅದ, ಕರ ಅದ’. ಬ, ನ, ತ ಬಂದರೆ ‘ದನ ಬರತದ’. ರಾಜ್ಯದ ಬೇರೆ ಯಾವ ಸೀಮೆಯ ಮಗುವಿಗೂ ಇಷ್ಟು ಬೇಗ ವಾಕ್ಯ ಕೈಗೆ ಸಿಗುವುದು ಕಷ್ಟ. ಸಾಕ್ಷರತೆಯಲ್ಲಿ ಕೊನೆಯ ಜಿಲ್ಲೆಗೆ ಅಕ್ಷರದ ಮೊದಲ ಮೆಟ್ಟಿಲಲ್ಲಿ ಇಷ್ಟು ದೊಡ್ಡ ಅನುಕೂಲ ಇತ್ತು, ಆದರೆ ಅಚ್ಚಾದ ಕಾರ್ಡುಗಳಲ್ಲಿ ಅದಕ್ಕೆ ಜಾಗವಿಲ್ಲ. ಪಾಟಿಯ ಮೇಲೆ ‘ಕರ ಅದ’ ಎಂದು ಬರೆದು ತಂದ ಮಗುವಿಗೆ ಮಾಸ್ತರು ತಪ್ಪು ಹಾಕಬೇಕೋ ಸರಿ ಹಾಕಬೇಕೋ ಎಂಬುದನ್ನು ಇಲಾಖೆ ಇನ್ನಾದರೂ ಬಾಯಿಬಿಟ್ಟು ಹೇಳಲಿ. ಸರಿ ಎಂದರೆ, ಎತ್ವ ಕಲಿಸುವ ದಿನ ‘ಅದ’ದ ಪಕ್ಕದಲ್ಲಿ ‘ಇದೆ’ ಬರೆದು ಎರಡನ್ನೂ ಓದಿಸಬಹುದು.